ಗಾಡಿ ಇಲ್ಲಿ, ಮೇಳ ದಿಲ್ಲಿಯಲ್ಲಿ: ಆಟೊ ಶೋ ಇನ್ನೆಷ್ಟು ದಿನ?

ಹೋದ ವಾರ ವಿಡಿಯೊದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ ಅಂತ ಸ್ವಲ್ಪ ಜೋಡಿಸಿ ಬರೆದಿದ್ದೀನಿ. ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಾನೂ ಸೇರಿಸಿದ್ದೀನಿ.

ಈ ಸಲ ದೀಪಾವಳಿ ಮುಗಿಸಿಕೊಂಡು ಅಪ್ಪ ನಮ್ಮ ಜೊತೆಗೇ ಪುಣೆಗೆ ಬಂದ್ರು. ಬೈಲಹೊಂಗಲದವರು. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತು ವರ್ಷದ ಮೇಲೆ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಟಾಟಾ 697 ಎಂಜಿನ್ ಶುರು ಮಾಡಿದ್ರೆ ಸಾಕು, ಶಬ್ದ ಕೇಳಿಯೇ ಯಾವ ಇಂಜೆಕ್ಟರ್ ತಕರಾರು ಮಾಡ್ತಿದೆ ಅಂತ ಹೇಳ್ತಿದ್ರು. ಇಲ್ಲಿ ವಾಕಡ್‌ನ ಏಳನೇ ಮಹಡಿಯಲ್ಲಿ ಅವರಿಗೆ ಮಾಡೋಕೆ ಕೆಲಸ ಇಲ್ಲ, ಮಾತಾಡೋಕೆ ಜನ ಇಲ್ಲ. ಒಂದು ಭಾನುವಾರ ತಳೇಗಾಂವ್, ಚಾಕಣ್ ಕಡೆ ಸುತ್ತಾಡಿಸಿಕೊಂಡು ಬರೋಣ ಅಂತ ಕರೆದುಕೊಂಡು ಹೋದೆ. ಆ ರಸ್ತೆ ಗೊತ್ತಲ್ಲ ನಿಮಗೆ, ಹೊಸ ಕಾರು ಹೊತ್ತ ಉದ್ದನೆ ಟ್ರೈಲರ್‌ಗಳು ಒಂದರ ಹಿಂದೆ ಒಂದು. ಅಪ್ಪ ಹನ್ನೊಂದರ ತನಕ ಎಣಿಸಿದ್ರು, ಆಮೇಲೆ ಬಿಟ್ರು. ಬಿಟ್ಟವರು ಕೇಳಿದ್ರು:

"ಅಲ್ಲೋ ತಮ್ಮಾ, ಇಷ್ಟೆಲ್ಲಾ ಗಾಡಿ ಇಲ್ಲೇ ತಯಾರ ಆಗ್ತಾವ ಅಂತಿ. ಮತ್ತ ನಮ್ಮಂಥಾವರು ಒಳಗ ಹೊಕ್ಕು ನೋಡೂದು ಎಲ್ಲಿ?"

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ವಾಪಸ್ ಬರುವಾಗ ಒಂದು ದೊಡ್ಡ ಶೋರೂಮ್‌ಗೆ ಕರೆದುಕೊಂಡು ಹೋದೆ. ಯಾವುದು ಅಂತ ಬೇಡ. ಗಾಜಿನ ಬಾಗಿಲ ಹತ್ತಿರ ಬಂದು ಅಪ್ಪ ಚಪ್ಪಲಿ ಬಿಟ್ರು. "ಅಪ್ಪಾ, ಬಿಡೋದು ಬೇಕಾಗಿಲ್ಲ" ಅಂದೆ. ಒಳಗೆ ಹೋದ ಅರ್ಧ ನಿಮಿಷಕ್ಕೆ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದ. ಹೆಸರು? ಮೊಬೈಲ್ ನಂಬರ್? ಬಜೆಟ್ ಎಷ್ಟು? ಯಾವಾಗ ತಗೋಬೇಕು ಅಂತಿದ್ದೀರಿ? ಅವನ ತಪ್ಪೇನಿಲ್ಲ, ಅವನ ಕೆಲಸವೇ ಅದು. ಆದ್ರೆ ಅಪ್ಪ ಡ್ರೈವರ್ ಸೀಟಲ್ಲಿ ಕೂರಲೇ ಇಲ್ಲ. ಬಾನೆಟ್ ಎತ್ತಿ ತೋರಿಸ್ತೀರಾ ಅಂತ ಕೇಳೋಕೂ ಸಂಕೋಚ. "ತಗೊಳ್ಳಾವರಲ್ಲ ಬಿಡು, ಅವರಿಗ್ಯಾಕ ತ್ರಾಸ" ಅಂತ ಹೊರಗೆ ಬಂದ್ರು.

ಆಟೊ ಶೋ ಬಗ್ಗೆ ಮಾತಾಡಬೇಕು ಅಂತ ಅನಿಸಿದ್ದು ಅಲ್ಲಿಂದ. ಜಗತ್ತಿನ ದೊಡ್ಡ ದೊಡ್ಡ ಊರುಗಳ ಕಾರು ಮೇಳಗಳು ಒಂದೊಂದಾಗಿ ಮುಚ್ಚಿವೆ, ಇಲ್ಲಾ ರೂಪ ಬದಲಿಸಿವೆ. ಮುಚ್ಚಿದ್ರೆ ನಮಗೇನು ನಷ್ಟ, ಎಲ್ಲಾ ಯೂಟ್ಯೂಬಲ್ಲೇ ಸಿಗುತ್ತಲ್ಲ ಅಂತ ನೀವು ಕೇಳಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ಮೊದಲು ನನ್ನದೊಂದು ಹಳೇ ಕಥೆ. 2012ರ ಜನವರಿ, ಬಿಇ ಕೊನೇ ವರ್ಷ. ನಾವು ನಾಲ್ಕು ಜನ ಗೆಳೆಯರು ಬೆಳಗಾವಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿ, ಒಂದೂವರೆ ದಿನ ಕೂತು, ದೆಹಲಿಯ ನಿಜಾಮುದ್ದೀನ್‌ನಲ್ಲಿ ಇಳಿದ್ವಿ. ಹಲ್ಲು ಕಟಕಟ ಅನ್ನೋ ಚಳಿ. ಪ್ರಗತಿ ಮೈದಾನದಲ್ಲಿ ಆಟೊ ಎಕ್ಸ್‌ಪೋ. ಈ ಮೇಳ ಮೊದಲು ನಡೆದದ್ದು 1986ರಲ್ಲಿ, ಮಾರುತಿ 800 ಬಂದು ಎರಡೇ ವರ್ಷ ಆಗಿದ್ದ ಕಾಲ. ಕಾರು ಕಂಪನಿಗಳ ಸಂಘ ಸಿಯಾಮ್, ಬಿಡಿಭಾಗ ಮಾಡೋರ ಸಂಘ ಆಕ್ಮಾ, ಜೊತೆಗೆ ಸಿಐಐ, ಇವರು ಮೂವರು ಸೇರಿ ಎರಡು ವರ್ಷಕ್ಕೊಮ್ಮೆ ನಡೆಸ್ತಿದ್ದ ಜಾತ್ರೆ ಅದು. ಜಾತ್ರೆ ಅಂತ ಸುಮ್ಮನೆ ಹೇಳ್ತಿಲ್ಲ. ಹೆಗಲ ಮೇಲೆ ಮಗು ಕೂರಿಸಿಕೊಂಡು ಬಂದ ಅಪ್ಪಂದಿರು, ಹರಿಯಾಣದಿಂದ ಜೀಪ್ ತುಂಬ ಬಂದ ರೈತರು, ಕ್ಯಾಟಲಾಗ್ ಕಾಗದ ಸಿಕ್ಕಿದಷ್ಟು ಚೀಲಕ್ಕೆ ತುಂಬಿಕೊಳ್ಳೋ ಹುಡುಗರು. ನಾವೂ ಅದೇ ಗುಂಪು. ಆ ಕಾಗದಗಳು ನನ್ನ ಹತ್ತಿರ ಇನ್ನೂ ಇವೆ, ಹೆಂಡತಿ ಎರಡು ಸಲ ಎಸೆಯೋಕೆ ನೋಡಿದ್ದಾಳೆ.

ಆ ವರ್ಷ ಮಾರುತಿ ಎರ್ಟಿಗಾ ತೋರಿಸಿತ್ತು, ಎಕ್ಸ್‌ಎ ಆಲ್ಫಾ ಅನ್ನೋ ಮಾದರಿ ಗಾಡಿ ನಿಲ್ಲಿಸಿತ್ತು. ಅದೇ ಮುಂದೆ 2016ರ ಮೇಳದಲ್ಲಿ ವಿಟಾರಾ ಬ್ರೆಜ್ಜಾ ಆಗಿ ಬಂತು. ಆದ್ರೆ ನನ್ನ ತಲೆ ಕೆಡಿಸಿದ್ದು ಆ ಕಾರುಗಳಲ್ಲ. ಆಗ ಬಿಡಿಭಾಗಗಳ ಮಳಿಗೆಗಳೂ ಅಲ್ಲೇ ಇರ್ತಿದ್ವು. ಒಂದು ಮಳಿಗೆಯಲ್ಲಿ ಎಂಜಿನ್ ಅನ್ನ ಅಡ್ಡಕ್ಕೆ ಕೊಯ್ದು ಇಟ್ಟಿದ್ರು. ಕೊಯ್ದ ಅಂಚಿಗೆ ಕೆಂಪು ಬಣ್ಣ ಬಳಿದು, ಸಣ್ಣ ಮೋಟರ್ ಕೂರಿಸಿ, ಪಿಸ್ಟನ್ ನಿಧಾನಕ್ಕೆ ಮೇಲೆ ಕೆಳಗೆ ಆಡೋ ಹಾಗೆ ಮಾಡಿದ್ರು. ಪಕ್ಕದಲ್ಲಿ ಎಂಜಿನ್ ನಿಯಂತ್ರಿಸೋ ಇಸಿಯು ಡಬ್ಬಿ, ಅದರ ಮುಚ್ಚಳ ತೆಗೆದು ಒಳಗಿನ ಬೋರ್ಡ್ ಕಾಣೋ ಹಾಗೆ. ಅಲ್ಲಿದ್ದ ಎಂಜಿನಿಯರ್ ಒಬ್ಬರು, ನಾವು ಏನೂ ಕೊಳ್ಳೋ ಪೈಕಿ ಅಲ್ಲ ಅಂತ ಗೊತ್ತಿದ್ದೂ, ಇಪ್ಪತ್ತು ನಿಮಿಷ ನಿಂತು ವಿವರಿಸಿದ್ರು: ಡೀಸೆಲ್ ಯಾವ ಕ್ಷಣಕ್ಕೆ ಎಷ್ಟು ಚಿಮ್ಮಬೇಕು ಅನ್ನೋದನ್ನ ಈ ಡಬ್ಬಿ ಹೇಗೆ ಲೆಕ್ಕ ಹಾಕುತ್ತೆ ಅಂತ. ಅಪ್ಪ ಕಿವಿಯಿಂದ ಮಾಡ್ತಿದ್ದ ಕೆಲಸವನ್ನ ಒಂದು ಬೋರ್ಡ್ ಮಾಡ್ತಿತ್ತು. ಎಂಟೆಕ್‌ಗೆ ನಾನು ಎಂಬೆಡೆಡ್ ವಿಷಯ ಆರಿಸಿಕೊಂಡಿದ್ದಕ್ಕೆ, ಇವತ್ತು ಹಿಂಜವಡಿಯಲ್ಲಿ ಕೂತು ಕಾರಿನ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಬರೀತಿರೋದಕ್ಕೆ ಆ ಇಪ್ಪತ್ತು ನಿಮಿಷ ಕಾರಣ.

ಗಮನಿಸಿ, ಅಲ್ಲಿ ಯಾರೂ ನನ್ನ ಬಜೆಟ್ ಕೇಳಲಿಲ್ಲ. ಶೋರೂಮ್‌ಗೂ ಶೋಗೂ ಇರೋ ವ್ಯತ್ಯಾಸ ಇಷ್ಟೇ. ಶೋರೂಮಲ್ಲಿ ನೀವು ಗಿರಾಕಿ. ಶೋನಲ್ಲಿ ನೀವು ಬರೀ ನೋಡೋಕೆ ಬಂದವರು, ಹಾಗೆ ಬಂದಿದ್ದಕ್ಕೆ ಅಲ್ಲಿ ಬೆಲೆ ಇದೆ. ಈಗಿನ ಸಮಸ್ಯೆ ಏನಂದ್ರೆ, ಕಂಪನಿಗಳಿಗೆ ದುಡ್ಡು ಕೊಡೋಕೆ ಮನಸ್ಸಿಲ್ಲದ್ದೂ ಸರಿಯಾಗಿ ಇದಕ್ಕೇ.

ಲೆಕ್ಕ ನೋಡೋಣ. ಒಂದು ಕಂಪನಿ ಮೇಳಕ್ಕೆ ಬರಬೇಕು ಅಂದ್ರೆ ಚದರ ಮೀಟರ್ ಲೆಕ್ಕದಲ್ಲಿ ನೆಲಬಾಡಿಗೆ ಕಟ್ಟಬೇಕು. ಅದರ ಮೇಲೆ ಕೆಲವೇ ದಿನದಲ್ಲಿ ಎರಡಂತಸ್ತಿನ ಮಳಿಗೆ ಎಬ್ಬಿಸಬೇಕು, ಮೇಳ ಮುಗಿದ ರಾತ್ರಿಯೇ ಕೆಡವಬೇಕು. ದೀಪ, ಪರದೆ, ತಿರುಗೋ ವೇದಿಕೆ, ಸಿಬ್ಬಂದಿಗೆ ಹೋಟೆಲ್. ತೋರಿಸೋ ಮಾದರಿ ಗಾಡಿಯಂತೂ ಕೈಯಲ್ಲೇ ಮಾಡಿದ್ದು. ಎಷ್ಟೋ ಸಲ ಅದರೊಳಗೆ ಎಂಜಿನ್ನೇ ಇರಲ್ಲ, ವೇದಿಕೆ ಮೇಲೆ ನಡಿಗೆ ವೇಗದಲ್ಲಿ ಹತ್ತಿಸೋಕೆ ಬೇಕಾದಷ್ಟು ಸಣ್ಣ ಮೋಟರ್ ಇರುತ್ತೆ, ಇಲ್ಲಾಂದ್ರೆ ನಾಲ್ಕು ಜನ ತಳ್ತಾರೆ. ಮಾರೋ ಗಾಡಿಗಳಿಗೂ ನೆಲದಡಿಯಿಂದ ಹೊರಗಿನ ಕರೆಂಟ್ ಕೊಟ್ಟಿರ್ತಾರೆ. ಇಡೀ ದಿನ ಜನ ಬಾಗಿಲು ತೆಗೆದು, ಪರದೆ ಒತ್ತಿ, ಹಾರನ್ ಅದುಮ್ತಾ ಇದ್ರೆ 12 ವೋಲ್ಟ್ ಬ್ಯಾಟರಿ ಮಧ್ಯಾಹ್ನದೊಳಗೆ ಮಲಗುತ್ತೆ. ಹಾರನ್ ತಂತಿ ಮೊದಲೇ ಕಿತ್ತಿಟ್ಟಿರ್ತಾರೆ ಅನ್ನೋದು ಬೇರೆ ಮಾತು.

ಇಷ್ಟು ಖರ್ಚು ಮಾಡಿದ ಮೇಲೆ ಸಿಗೋದೇನು? ಪತ್ರಕರ್ತರ ದಿನ ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಕಂಪನಿಯ ಪರದೆ ಸರಿಯುತ್ತೆ. ಮರುದಿನ ಪೇಪರಲ್ಲಿ ಎಲ್ಲರದ್ದೂ ಸೇರಿ ಒಂದೇ ಪುಟ, ನಿಮ್ಮ ಪಾಲಿಗೆ ಮೂರು ಸಾಲು. ಅದೇ ದುಡ್ಡಲ್ಲಿ ಬೇರೆ ದಿನ, ಬೇರೆ ಊರಲ್ಲಿ, ನಿಮ್ಮದೇ ಕಾರ್ಯಕ್ರಮ ಮಾಡಿ ಲೈವ್ ಬಿಟ್ರೆ ಇಡೀ ದಿನ ನಿಮ್ಮದೇ ಸುದ್ದಿ. ಮೇಲಾಗಿ ಎಷ್ಟು ಜನ ನೋಡಿದ್ರು, ಎಷ್ಟು ನಿಮಿಷ ನೋಡಿದ್ರು, ಎಷ್ಟು ಜನ ನಂಬರ್ ಕೊಟ್ರು ಅಂತ ಡ್ಯಾಶ್‌ಬೋರ್ಡ್ ತೋರಿಸುತ್ತೆ. ಮೇಳದಲ್ಲಿ ಹಾದುಹೋದ ಲಕ್ಷ ಜನರಲ್ಲಿ ಯಾರು ಐದು ವರ್ಷ ಆದ ಮೇಲೆ ಕಾರು ಕೊಂಡ್ರು, ಯಾವ ಹುಡುಗ ಎಂಬೆಡೆಡ್ ಓದಿದ, ಇದಕ್ಕೆ ಡ್ಯಾಶ್‌ಬೋರ್ಡ್ ಇಲ್ಲ. ನಾವೆಲ್ಲ ಕಂಪನಿಗಳಲ್ಲಿ ಇರೋರು, ಅಳತೆಗೆ ಸಿಗದ ಖರ್ಚಿಗೆ ಬಜೆಟ್ ಮೀಟಿಂಗಲ್ಲಿ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದು ನನಗೆ ಅರ್ಥ ಆಗಿದ್ದು 2020ರಲ್ಲಿ. ಆಗ ನಾನಿದ್ದ ಕಂಪನಿ, ಹೆಸರು ಬೇಡ, ಯುರೋಪಿನ ಒಬ್ಬ ಗ್ರಾಹಕರಿಗೆ ಜಿನೀವಾ ಮೋಟರ್ ಶೋಗೆ ಅಂತ ಒಂದು ಕಾಕ್‌ಪಿಟ್ ಡೆಮೊ ಮಾಡ್ತಿತ್ತು. ಮೂರು ಪರದೆ, ಧ್ವನಿ ಆದೇಶ, ಬಾಗಿಲು ತೆಗೆದ ತಕ್ಷಣ ಬೆಳಕಿನ ಆಟ. ಮೂರು ತಿಂಗಳು ಶನಿವಾರ ಭಾನುವಾರ ಅನ್ನದೆ ಮಾಡಿದ್ವಿ. ಫೆಬ್ರವರಿ 28ಕ್ಕೆ ಸ್ವಿಸ್ ಸರ್ಕಾರ ಸಾವಿರ ಜನಕ್ಕಿಂತ ಹೆಚ್ಚು ಸೇರೋ ಕಾರ್ಯಕ್ರಮಗಳನ್ನ ನಿಷೇಧ ಮಾಡ್ತು. ಮೇಳ ಶುರುವಾಗೋಕೆ ಕೆಲವೇ ದಿನ ಬಾಕಿ, ಮಳಿಗೆಗಳು ಅರ್ಧ ಎದ್ದು ನಿಂತಿದ್ವು, ರದ್ದಾಯ್ತು. ನಮ್ಮ ಡೆಮೊವನ್ನ ಒಂದು ಕೋಣೆಯಲ್ಲಿ ಕ್ಯಾಮೆರಾ ಇಟ್ಟು ಚಿತ್ರೀಕರಿಸಿ ಹಾಕಿದ್ರು. ಸಾಕಷ್ಟು ಕಂಪನಿಗಳು ಆ ವಾರ ಹಾಗೇ ಮಾಡಿದ್ವು. ಒಂದು ತಿಂಗಳಾದ ಮೇಲೆ ಗ್ರಾಹಕರ ಕಡೆಯ ಮ್ಯಾನೇಜರ್ ಒಬ್ಬರು ಕಾಲ್‌ನಲ್ಲಿ ಖುಷಿಯಿಂದಲೇ ಹೇಳಿದ್ರು, ಖರ್ಚು ಬಹಳ ಉಳೀತು, ನೋಡಿದ ಜನವೂ ಕಮ್ಮಿಯೇನಲ್ಲ ಅಂತ. ನಾವು ಮ್ಯೂಟಲ್ಲಿ ಕೂತು ಕೇಳಿದ್ವಿ. ರೋಗ ಮೇಳವನ್ನ ನಿಲ್ಲಿಸಿತ್ತು ಅಷ್ಟೇ. ಮೇಳ ಇಲ್ಲದಿದ್ರೂ ನಡೆಯುತ್ತೆ ಅನ್ನೋ ಪಾಠ ಆ ಕಾಲ್‌ಗಳಲ್ಲಿ ಕಲಿತದ್ದು.

ಜಿನೀವಾಗೆ ಆಮೇಲೆ ಏನಾಯ್ತು ನೋಡಿ. 1905ರಿಂದ ಇದ್ದ ಮೇಳ. 2019ರಲ್ಲಿ ಸುಮಾರು 6 ಲಕ್ಷ ಜನ ಬಂದಿದ್ರು. ಮತ್ತೆ ಬಾಗಿಲು ತೆಗೆದದ್ದು 2024ರಲ್ಲಿ. ದೊಡ್ಡ ಹೆಸರುಗಳಲ್ಲಿ ರೆನೊ ಬಂತು, ಬಿವೈಡಿ, ಎಂಜಿಯಂಥ ಚೀನಾ ಕಡೆಯವರು ಬಂದ್ರು, ಬಾಕಿ ಬಹುತೇಕರು ತಿರುಗಿ ನೋಡಲಿಲ್ಲ. ಜನ 1.68 ಲಕ್ಷಕ್ಕೆ ಇಳಿದ್ರು. ಅದೇ ವರ್ಷ ಮೇ ತಿಂಗಳಲ್ಲಿ ಮೇಳ ನಡೆಸೋ ಪ್ರತಿಷ್ಠಾನವನ್ನೇ ವಿಸರ್ಜಿಸ್ತೀವಿ ಅಂತ ಘೋಷಿಸಿದ್ರು. ಫ್ರಾಂಕ್‌ಫರ್ಟ್ ಮೇಳ 2021ರಲ್ಲಿ ಮ್ಯೂನಿಕ್‌ಗೆ ಹೋಯ್ತು. ಟೋಕಿಯೊದ್ದು 2023ರಿಂದ ಮೋಟರ್ ಶೋ ಅನ್ನೋ ಹೆಸರು ಬಿಟ್ಟು ಜಪಾನ್ ಮೊಬಿಲಿಟಿ ಶೋ ಆಯ್ತು. ಡೆಟ್ರಾಯಿಟ್‌ನವರು ಜನವರಿಯ ಹಿಮ ಬೇಡ ಅಂತ ಬೇಸಿಗೆಗೆ ಸರಿಸೋಕೆ ಹೋಗಿ, ಸೆಪ್ಟೆಂಬರ್ ನೋಡಿ, 2025ಕ್ಕೆ ಮತ್ತೆ ಜನವರಿಗೇ ಬಂದ್ರು.

ನಮ್ಮ ದೇಶದ ಕಥೆ ಸ್ವಲ್ಪ ಬೇರೆ, ಅದೇ ನನಗೆ ಕುತೂಹಲ. ಪ್ರಗತಿ ಮೈದಾನದಲ್ಲಿ ಜಾಗ ಸಾಲದೆ 2014ರಲ್ಲಿ ಕಾರು ಮೇಳ ಗ್ರೇಟರ್ ನೋಯ್ಡಾಕ್ಕೆ ಹೋಯ್ತು, ಬಿಡಿಭಾಗಗಳ ಮೇಳ ಬೇರೆಯಾಗಿ ಪ್ರಗತಿ ಮೈದಾನದಲ್ಲೇ ಉಳೀತು. ನಾನು ನೋಡಿದ ಕೊಯ್ದ ಎಂಜಿನ್ ಮತ್ತೆ ಹೊಳೆಯೋ ಕಾರು ಅವತ್ತೇ ಬೇರೆ ಬೇರೆ ಊರಿನವಾದ್ವು. ಈ ಕಡೆಯಿಂದ ನೋಡಿದ್ರೆ ಜನ ಕಮ್ಮಿಯಾಗಲೇ ಇಲ್ಲ. 2018ರಲ್ಲಿ 6 ಲಕ್ಷ ದಾಟಿತ್ತು, 2020ರಲ್ಲೂ ಅಷ್ಟೇ, 2023ರಲ್ಲಿ 6.36 ಲಕ್ಷ. ಆದ್ರೆ ಮಳಿಗೆ ಹಾಕೋರು ಜಾರಿಕೊಳ್ತಾ ಹೋದ್ರು. 2018ರಲ್ಲಿ ಫೋಕ್ಸ್‌ವ್ಯಾಗನ್, ಫೋರ್ಡ್, ನಿಸ್ಸಾನ್, ನಮ್ಮ ಪುಣೆಯ ಬಜಾಜ್, ರಾಯಲ್ ಎನ್‌ಫೀಲ್ಡ್ ಇರಲಿಲ್ಲ. 2020ರಲ್ಲಿ ಟೊಯೊಟಾ, ಹೋಂಡಾ, ಹೀರೊ, ಟಿವಿಎಸ್ ಇರಲಿಲ್ಲ. 2023ರಲ್ಲಿ ಮಹೀಂದ್ರಾ, ಮರ್ಸಿಡಿಸ್, ಬಿಎಂಡಬ್ಲ್ಯು ಇರಲಿಲ್ಲ. ಅಂದ್ರೆ ಜಾತ್ರೆಗೆ ಜನ ಬರ್ತಾನೇ ಇದ್ದಾರೆ, ಅಂಗಡಿ ಹಾಕೋರೇ ಬರ್ತಿಲ್ಲ. "ಈಗಿನವರಿಗೆ ಆಟೊ ಶೋ ಬೇಡ" ಅಂತ ಯಾರಾದ್ರೂ ಬರೆದ್ರೆ ಈ ಅಂಕಿ ತೋರಿಸಿ. ಬೇಡವಾಗಿರೋದು ಯಾರಿಗೆ ಅನ್ನೋದು ಸ್ಪಷ್ಟ ಇದೆ.

ಈಗ ಪುಣೆಗೆ ಬರೋಣ. ಪಿಂಪ್ರಿಯಲ್ಲಿ ಟಾಟಾ, ಅಕುರ್ಡಿಯಲ್ಲಿ ಬಜಾಜ್ ಮತ್ತೆ ಫೋರ್ಸ್, ಚಾಕಣ್‌ನಲ್ಲಿ ಮಹೀಂದ್ರಾ, ಮರ್ಸಿಡಿಸ್, ಫೋಕ್ಸ್‌ವ್ಯಾಗನ್. ಜನರಲ್ ಮೋಟರ್ಸ್ ಬಿಟ್ಟುಹೋದ ತಳೇಗಾಂವ್ ಕಾರ್ಖಾನೆಯನ್ನ ಹುಂಡೈ ತಗೊಂಡಿದೆ. ಕೋಥ್ರೂಡ್ ಪಕ್ಕದ ವೇತಾಳ ಗುಡ್ಡದ ಮೇಲೆ 1966ರಿಂದ ಎಆರ್‌ಎಐ ಇದೆ. ದೇಶದಲ್ಲಿ ಹೊಸ ಗಾಡಿ ರಸ್ತೆಗಿಳೀಬೇಕು ಅಂದ್ರೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಸಂಸ್ಥೆಗಳಲ್ಲಿ ಅದೂ ಒಂದು. ಇಷ್ಟಿದ್ರೂ ಪುಣೆಯಲ್ಲಿ ಹುಟ್ಟಿದ ಗಾಡಿ ಜನರಿಗೆ ಮುಖ ತೋರಿಸಿದ್ದು ದೆಹಲಿಯಲ್ಲೇ. ಇಂಡಿಕಾ 1998ರಲ್ಲಿ ಪ್ರಗತಿ ಮೈದಾನದಲ್ಲಿ. ನ್ಯಾನೊ 2008ರ ಜನವರಿ 10ಕ್ಕೆ ಅದೇ ಮೈದಾನದಲ್ಲಿ. ಗಿರೀಶ್ ವಾಘ್ ಅವರ ತಂಡ ಪುಣೆಯಲ್ಲಿ ವರ್ಷಗಟ್ಟಲೆ ಕೂತು ಮಾಡಿದ ಗಾಡಿ ಅದು. ಮುಂದೆ ನ್ಯಾನೊ ಏನಾಯ್ತು ಅನ್ನೋದು ಬೇರೆ ವಿಡಿಯೊ ವಿಷಯ. ಆದ್ರೆ ಒಂದು ಲಕ್ಷದ ಕಾರು ಅನ್ನೋದು ಕಣ್ಣಾರೆ ನೋಡಬೇಕಾದ ವಸ್ತು ಆಗಿತ್ತು. ಸ್ಕೂಟರ್ ಮೇಲೆ ನಾಲ್ಕು ಜನ ಹೋಗ್ತಿದ್ದ ಮನೆಯವರು ಅದನ್ನ ನೋಡೋಕೆ ಬರಬೇಕಿತ್ತು, ಬಂದ್ರು.

ಹಾಗಂತ ಪುಣೆಯಲ್ಲಿ ಏನೂ ನಡೆಯಲ್ಲ ಅಂತಲ್ಲ. ಎಆರ್‌ಎಐ ಎರಡು ವರ್ಷಕ್ಕೊಮ್ಮೆ ಸಿಯಾಟ್ ಅನ್ನೋ ತಾಂತ್ರಿಕ ಸಮ್ಮೇಳನ ಮಾಡುತ್ತೆ. 2024ರ ಜನವರಿಯಲ್ಲಿ ಮೋಶಿಯ ಪ್ರದರ್ಶನ ಕೇಂದ್ರದಲ್ಲಿ ಆಯ್ತು. ಪ್ರಬಂಧ, ಪರೀಕ್ಷಾ ಯಂತ್ರ, ಸೆನ್ಸರ್, ಬ್ಯಾಟರಿ. ನನ್ನಂಥವರಿಗೆ ಹಬ್ಬ. ಆದ್ರೆ ಅದು ಕುತ್ತಿಗೆಗೆ ಕಾರ್ಡ್ ನೇತುಹಾಕಿಕೊಂಡವರ ಮೇಳ, ಅಲ್ಲಿ ಅಪ್ಪನಿಗೆ ಏನು ಕೆಲಸ? 2022ರ ಏಪ್ರಿಲ್‌ನಲ್ಲಿ ಪರ್ಯಾಯ ಇಂಧನ ಸಮಾವೇಶ ಅಂತ ರಾಜ್ಯ ಸರ್ಕಾರ ಮಾಡಿತ್ತು, ಎಲೆಕ್ಟ್ರಿಕ್ ಗಾಡಿಗಳನ್ನ ಜನ ಹತ್ತಿ ಇಳಿದು ನೋಡಿದ್ರು. ಬಜಾಜ್ ತನ್ನ ಸಿಎನ್‌ಜಿ ಬೈಕನ್ನ 2024ರ ಜುಲೈ 5ಕ್ಕೆ ಪುಣೆಯಲ್ಲೇ ಬಿಡುಗಡೆ ಮಾಡ್ತು, ಗಡ್ಕರಿ ಬಂದಿದ್ರು, ಜಗತ್ತಿಗೆಲ್ಲ ಸುದ್ದಿಯಾಯ್ತು. ಆದ್ರೆ ಆಹ್ವಾನ ಇದ್ದವರಿಗೆ ಮಾತ್ರ ಒಳಗೆ ಜಾಗ. ಚಾಕಣ್‌ನಲ್ಲಿ ತಯಾರಾಗೋ ಮಹೀಂದ್ರಾದ ಬಿಇ 6, ಎಕ್ಸ್‌ಇವಿ 9ಇ ಗಾಡಿಗಳ ಪರದೆ ಸರಿದದ್ದು 2024ರ ನವೆಂಬರ್‌ನಲ್ಲಿ ಚೆನ್ನೈಯಲ್ಲಿ, ಕಂಪನಿಯ ಸ್ವಂತ ಕಾರ್ಯಕ್ರಮದಲ್ಲಿ. ನಾವು ಅದನ್ನ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಕೂತು ಮೊಬೈಲಲ್ಲಿ ನೋಡಿದ್ವಿ. ಚಾಕಣ್ ಚೌಕದ ಟ್ರಾಫಿಕ್ಕಲ್ಲಿ ಒಂದು ತಾಸು ನಿಂತ್ರೆ ಬೇಕಾದಷ್ಟು ಆಟೊ ಶೋ ಆಗುತ್ತೆ ಅಂತ ನಮ್ಮ ಟೀಮಲ್ಲಿ ಒಬ್ಬ ಹೇಳ್ತಾನೆ, ಅದೂ ಸುಳ್ಳಲ್ಲ.

ಎದುರು ವಾದ ಇದೆ, ಅದನ್ನೂ ಹೇಳಬೇಕು. ಒಳ್ಳೆ ವಿಡಿಯೊ ಮೇಳಕ್ಕಿಂತ ಹೆಚ್ಚು ತಿಳಿಸುತ್ತೆ. ಮೇಳದಲ್ಲಿ ಗಾಡಿ ಓಡಲ್ಲ, ಕಿಟಕಿ ಹತ್ತಿರ ಹೋಗೋಕೆ ಇಪ್ಪತ್ತು ನಿಮಿಷ ಕ್ಯೂ, ಒಳಗೆ ಕೂತ್ರೆ ಹಿಂದಿನವರು ತಳ್ತಾರೆ. ಮೇಲಾಗಿ ಈಗಿನ ಕಾರಲ್ಲಿ ಹೊಸದು ಅಂದ್ರೆ ಹೆಚ್ಚಿನದು ಸಾಫ್ಟ್‌ವೇರ್. ಬ್ಯಾಟರಿ ನಿರ್ವಹಣೆ, ಲೇನ್ ಹಿಡಿದು ಓಡೋದು, ರಾತ್ರೋರಾತ್ರಿ ಬರೋ ಅಪ್‌ಡೇಟ್, ಇದನ್ನ ನಿಂತ ಗಾಡಿಯಲ್ಲಿ ತೋರಿಸೋಕೆ ಆಗಲ್ಲ. ಮೇಳಕ್ಕೆ ಅಂತ ನಾವು ಬರೆಯೋ ಡೆಮೊ ಮೋಡ್ ಬರೀ ನಾಟಕ. ಮ್ಯಾಪ್ ಮೇಲೆ ಗಾಡಿ ಓಡ್ತಾ ಇರುತ್ತೆ, ಚಕ್ರ ನಿಂತೇ ಇರುತ್ತೆ. ಹತ್ತು ವರ್ಷ ಈ ಕೆಲಸ ಮಾಡಿದವನಾಗಿ ಹೇಳ್ತೀನಿ, ಮೇಳದ ಪರದೆ ನೋಡಿ ಕಾರು ಆರಿಸಬೇಡಿ.

ಆದ್ರೆ ವಿಡಿಯೊದಲ್ಲಿ ಏನು ತೋರಿಸಬೇಕು ಅನ್ನೋದನ್ನ ತೀರ್ಮಾನ ಮಾಡೋದು ಯಾರು? ಕಂಪನಿ ಕರೆದವರು. ನಮ್ಮಂಥ ಚಾನೆಲ್‌ನವರು. ಬಾನೆಟ್ ಕೆಳಗೆ ಅಪ್ಪ ನೋಡಬೇಕು ಅಂದುಕೊಂಡಿದ್ದು ಏರ್ ಫಿಲ್ಟರ್ ಬಿಚ್ಚೋಕೆ ಕೈ ಹೋಗುತ್ತಾ ಅನ್ನೋದನ್ನ. ನಾನು ಇಲ್ಲಿಯವರೆಗೆ ಮಾಡಿದ ಯಾವ ವಿಡಿಯೊದಲ್ಲೂ ಅದನ್ನ ತೋರಿಸಿಲ್ಲ. ಇನ್ನೊಂದು, ನಿಮ್ಮ ಫೋನ್ ನಿಮಗೆ ತೋರಿಸೋದು ನೀವು ಹಿಂದೆ ನೋಡಿದ ಗಾಡಿಗಳನ್ನೇ. ಬೆಳಗಾವಿಯಿಂದ ಹೊರಟಾಗ ಇಸಿಯು ಅನ್ನೋ ಪದ ನನಗೆ ಗೊತ್ತೇ ಇರಲಿಲ್ಲ. ಹುಡುಕೋಕೆ ಹೆಸರೇ ಗೊತ್ತಿಲ್ಲದ ವಸ್ತು ಎದುರಿಗೆ ಬಂದು ನಿಲ್ಲೋದು ಜಾತ್ರೆಯಲ್ಲಿ ಮಾತ್ರ.

ಹಾಗಾದ್ರೆ ಮುಂದೇನು? ಚೀನಾದಲ್ಲಿ ಈ ಮೇಳಗಳು ಸತ್ತಿಲ್ಲ, ಬೀಜಿಂಗ್ ಒಂದು ವರ್ಷ, ಶಾಂಘೈ ಒಂದು ವರ್ಷ ಅಂತ ಜೋರಾಗಿ ನಡೀತಿವೆ. ಕಾರಣ ಕಷ್ಟದ್ದಲ್ಲ. ಹತ್ತಾರು ಹೊಸ ಕಂಪನಿ, ಜನಕ್ಕೆ ಹೆಸರೇ ಪರಿಚಯ ಇಲ್ಲ, ಪಕ್ಕ ಪಕ್ಕ ನಿಲ್ಲಿಸಿ ಹೋಲಿಸದೆ ಯಾರೂ ಕೊಳ್ಳಲ್ಲ. ಪರಿಚಯ ಇಲ್ಲದವನಿಗೆ ಸಂತೆ ಬೇಕು, ಹೆಸರು ಮಾಡಿದವನಿಗೆ ಬೇಡ. ನಮ್ಮಲ್ಲೂ 2025ರ ಜನವರಿಯ ಭಾರತ್ ಮೊಬಿಲಿಟಿ ಮೇಳದಲ್ಲಿ ಇದೇ ಕಂಡಿತು. ಆಟೊ ಎಕ್ಸ್‌ಪೋ ಅದರೊಳಗೆ ಸೇರಿಕೊಂಡು ಮತ್ತೆ ಪ್ರಗತಿ ಮೈದಾನದ ಭಾರತ್ ಮಂಟಪಕ್ಕೆ ಬಂದಿತ್ತು. ವಿಯೆಟ್ನಾಂನ ವಿನ್‌ಫಾಸ್ಟ್ ತನ್ನ ಗಾಡಿಗಳನ್ನ ಅಲ್ಲೇ ತೋರಿಸಿತು. ಮಾರುತಿ ತನ್ನ ಮೊದಲ ಎಲೆಕ್ಟ್ರಿಕ್ ಕಾರು ಇ ವಿಟಾರಾ ತಂದಿತ್ತು, ಟಾಟಾ ಸಿಯೆರಾ ನಿಲ್ಲಿಸಿತ್ತು, 2023ರಲ್ಲಿ ಬಾರದ ಮಹೀಂದ್ರಾ ವಾಪಸ್ ಬಂದಿತ್ತು. ಪೆಟ್ರೋಲ್‌ನಿಂದ ಕರೆಂಟ್‌ಗೆ ಹೋಗೋ ಈ ಹೊತ್ತಲ್ಲಿ ಎಲ್ಲಾ ಕಂಪನಿಗಳೂ ಮತ್ತೆ ಸ್ವಲ್ಪ ಅಪರಿಚಿತರೇ. ಈ ಬದಲಾವಣೆ ಮುಗಿದ ಮೇಲೂ ಬರ್ತಾರಾ? ಬರಲ್ಲ ಅಂತಲೇ ನನ್ನ ಅನುಮಾನ.

ಮ್ಯೂನಿಕ್‌ನವರು ಮಾಡಿದ ಒಂದು ಕೆಲಸ ನನಗೆ ಇಷ್ಟ. ವ್ಯಾಪಾರದವರಿಗೆ ಪ್ರದರ್ಶನ ಕೇಂದ್ರದೊಳಗೆ ಟಿಕೆಟ್ ಇಟ್ಟು, ಊರಿನ ನಡುವಿನ ಚೌಕಗಳಲ್ಲಿ, ಕೋನಿಗ್ಸ್‌ಪ್ಲಾಟ್ಸ್, ಓಡಿಯೋನ್ಸ್‌ಪ್ಲಾಟ್ಸ್ ಅಂತ ಹೆಸರು, ಅಲ್ಲಿ ಗಾಡಿ ನಿಲ್ಲಿಸಿ ಜನಕ್ಕೆ ಪುಕ್ಕಟೆ ಬಿಟ್ರು. ತರಕಾರಿ ತರೋಕೆ ಹೋದವರೂ ನೋಡಬಹುದು. ಪುಣೆಯಲ್ಲಿ ಚೌಕದಲ್ಲಿ ಕಾರು ನಿಲ್ಲಿಸೋ ಮಾತು ಬೇಡ, ಈಗ ನಿಂತಿರೋವೇ ಸಾಕು. ಆದ್ರೆ ಮೋಶಿಯಲ್ಲಿ ಸಿಯಾಟ್‌ಗೆ ಮಳಿಗೆಗಳು ಹೇಗೂ ಎದ್ದಿರ್ತವೆ. ಕೊನೆಗೆ ಎರಡು ದಿನ ಸೇರಿಸಿ, ಕಾರ್ಡ್ ಇಲ್ಲದವರಿಗೂ ಬಾಗಿಲು ತೆಗೆದು, ಇಲ್ಲಿಯ ಕಾರ್ಖಾನೆಗಳಿಂದ ನಾಲ್ಕು ಗಾಡಿ, ಒಂದು ಕೊಯ್ದ ಎಂಜಿನ್, ಒಂದು ಬಿಚ್ಚಿದ ಬ್ಯಾಟರಿ ಪ್ಯಾಕ್ ಇಟ್ರೆ? ನೆಲಬಾಡಿಗೆ ಆಗಲೇ ಕೊಟ್ಟಾಗಿದೆ, ತಿರುಗೋ ವೇದಿಕೆ ಬೇಕಾಗಿಲ್ಲ.

ಕನಸು ಅನ್ನಬೇಡಿ, ಅದೇ ಮೋಶಿಯಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಕಿಸಾನ್ ಮೇಳ ನಡೆಯುತ್ತೆ. ಐದು ದಿನ. ಟ್ರ್ಯಾಕ್ಟರ್, ಪಂಪ್, ಹನಿ ನೀರಾವರಿ, ಕಬ್ಬು ಕಟಾವು ಯಂತ್ರ. ಧಾರವಾಡದ ಕೃಷಿ ಮೇಳ ನೋಡಿದವರಿಗೆ ಬೇರೆ ವಿವರಣೆ ಬೇಡ, ರೊಟ್ಟಿ ಬುತ್ತಿ ಸಮೇತ ಅದೇ ಜನ, ಅದೇ ಧೂಳು. ಕಾರು ಕಂಪನಿಗಳು ಮೇಳ ಬಿಟ್ಟು ಓಡುವಾಗ ಟ್ರ್ಯಾಕ್ಟರ್ ಕಂಪನಿಗಳು ಯಾಕೆ ಬರ್ತಾವೆ? ರೈತ ಕಬ್ಬಿಣ ಮುಟ್ಟದೆ ದುಡ್ಡು ಬಿಚ್ಚಲ್ಲ. ಇದು ಈ ಸೀಮೆಯಲ್ಲಿ ಹಳೇ ಪಾಠ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಅಂತ ರೈತರು ಹತ್ತಿರ ಸೇರಿಸಲಿಲ್ಲವಂತೆ. ಮೊದಲ ನೇಗಿಲು ಮಾರೋಕೆ ಎರಡು ವರ್ಷ ಹಿಡೀತು ಅಂತಾರೆ. ಆ ಮನೆತನದ್ದೇ ಎಂಜಿನ್ ಕಾರ್ಖಾನೆ ಇಲ್ಲಿ ಖಡ್ಕಿಯಲ್ಲಿದೆ.

ಶೋರೂಮಿಂದ ಬಂದು ಮೂರು ವಾರಕ್ಕೆ ಅಪ್ಪನ್ನ ಮೋಶಿಗೆ ಕರೆದುಕೊಂಡು ಹೋದೆ. ಕಾರು ಅಲ್ಲ ಅಂತ ಮೊದಲೇ ಹೇಳಿದ್ದೆ. ಗೇಟಿನ ಒಳಗೆ ಕಾಲಿಟ್ಟವರು ನಾಲ್ಕು ತಾಸು ನನ್ನ ಕಡೆ ನೋಡಲಿಲ್ಲ. ಒಂದು ಟ್ರ್ಯಾಕ್ಟರ್ ಮಳಿಗೆಯಲ್ಲಿ ತಾವೇ ಬಾನೆಟ್ ಎತ್ತಿದ್ರು. ಅಲ್ಲಿದ್ದ ಹುಡುಗ ಓಡಿ ಬಂದ, ನಾನು ಬೈಸಿಕೊಳ್ಳೋಕೆ ಸಿದ್ಧನಾದೆ. ಅವನು ಬಂದಿದ್ದು ಬಾನೆಟ್‌ಗೆ ಆಸರೆ ಕಡ್ಡಿ ಕೊಡೋಕೆ. ಅಪ್ಪ ತಮ್ಮ ಬೆಳಗಾವಿ ಮರಾಠಿಯಲ್ಲಿ ಡೀಸೆಲ್ ಫಿಲ್ಟರ್ ಎಷ್ಟು ತಾಸಿಗೆ ಬದಲಿಸಬೇಕು, ನೀರು ಬೇರೆಯಾಗೋ ಬಟ್ಟಲು ಎಲ್ಲಿದೆ, ಇಂಜೆಕ್ಟರ್ ಬಿಚ್ಚೋಕೆ ಲ್ಯಾಪ್‌ಟಾಪ್ ಬೇಕೇ ಬೇಕಾ ಅಂತ ಕೇಳಿದ್ರು. ಕೊನೇ ಪ್ರಶ್ನೆಗೆ ಅವನು ನನ್ನ ಮುಖ ನೋಡಿದ, ನಾನು ಹೌದು ಅಂತ ತಲೆ ಆಡಿಸಿದೆ. ಅಷ್ಟರಲ್ಲಿ ಇನ್ನೂ ಐದಾರು ಜನ ಸುತ್ತ ಸೇರಿದ್ರು, ಒಬ್ಬರು ಸಾಂಗ್ಲಿಯವರು, ಒಬ್ಬರು ನಮ್ಮ ಅಥಣಿ ಕಡೆಯವರೇ, ಎಲ್ಲರಿಗೂ ಅಪ್ಪನೇ ವಿವರಿಸೋಕೆ ಶುರು ಮಾಡಿದ್ರು.

ಸೀಟ್ ಮೇಲೆ ಹತ್ತಿ ಕೂತ್ರು. ಫೋಟೊ ತೆಗೆದೆ. ವಾಪಸ್ ಬರುವಾಗ ಚೀಲದ ತುಂಬ ಕ್ಯಾಟಲಾಗ್. ನಾಶಿಕ್ ಫಾಟಾ ಸಿಗ್ನಲಲ್ಲಿ ಅದರಲ್ಲೊಂದು ಬಿಡಿಸಿ ನೋಡ್ತಾ ಕೇಳಿದ್ರು:

"ಮುಂದಿನ ವರ್ಷನೂ ಇರ್ತೈತೇನೋ ಇದು? ಇದ್ರ ನಿಮ್ಮವ್ವನ್ನೂ ಕರ್ಕೊಂಡ ಬರೂಣು."